ಅರಿವು ಕೇಂದ್ರದ ಕೆಂಪು ದೀಪ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು, ಹಾಗೂ
ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಹಳ್ಳಿಯ ಮಕ್ಕಳ ಆನ್‌ಲೈನ್ ಕಲಿಕೆಯನ್ನು ಮನೆಯ ಮೊಬೈಲ್‌ನ ಪಾಲಿಗೆ ಬಿಡದೆ, ಶಾಲೆಗಳಲ್ಲಿ ಮತ್ತು ಪಂಚಾಯಿತಿ ಗ್ರಂಥಾಲಯಗಳಲ್ಲಿ ಒದಗಿಸುವ ಬಗ್ಗೆ.

ಮಾನ್ಯರೇ,

ನಾನು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಭಾಗದಲ್ಲಿ ಇಪ್ಪತ್ತೇಳು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ನನ್ನ ಊರಿನ ಮಕ್ಕಳ ಓದಿನ ಸಂಗತಿಯೊಂದನ್ನು ತಮ್ಮಿಬ್ಬರ ಗಮನಕ್ಕೂ ಒಟ್ಟಿಗೇ ತರಬೇಕಾಗಿದೆ. ಒಟ್ಟಿಗೇ ಬರೆಯುವುದಕ್ಕೆ ಕಾರಣವಿದೆ: ಶಾಲೆ ಒಂದು ಇಲಾಖೆಗೆ ಸೇರಿದ್ದು, ಊರಿನ ಗ್ರಂಥಾಲಯ ಇನ್ನೊಂದಕ್ಕೆ ಸೇರಿದ್ದು, ಎರಡಕ್ಕೂ ಬರುವ ಇಂಟರ್ನೆಟ್ ತಂತಿ ಕೇಂದ್ರ ಸರ್ಕಾರದ ಯೋಜನೆಯದು. ಈ ಮೂರರ ನಡುವೆ ಅರ್ಜಿ ಹಿಡಿದು ಓಡಾಡಿದ ಅನುಭವ ನನಗಿದೆ. ಪ್ರತಿ ಕಚೇರಿಯಲ್ಲೂ ಸಿಬ್ಬಂದಿ ಸೌಜನ್ಯದಿಂದಲೇ ಮಾತಾಡಿಸಿದರು, ಪ್ರತಿ ಕಚೇರಿಯೂ ಇನ್ನೊಂದರ ಕಡೆಗೆ ಕೈ ತೋರಿಸಿತು.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. 2020ರ ಮಳೆಗಾಲದಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲ್‌ಗೆ ಬಂದಾಗ, ನಮ್ಮ ಕಡೆ ಹತ್ತನೇ ತರಗತಿಯ ಮಕ್ಕಳು ಬೆಳಿಗ್ಗೆ ಎದ್ದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು, ಉಂಬಳ (ಜಿಗಣೆ) ಕಚ್ಚದಂತೆ ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹೋಗುತ್ತಿದ್ದರು. ಒಂದು ಕೊಡೆಯ ಕೆಳಗೆ ಒಂದು ಫೋನು, ಅದರ ಸುತ್ತ ಮೂರು ನಾಲ್ಕು ತಲೆಗಳು. ಮರುವರ್ಷ ಸುಳ್ಯ ತಾಲ್ಲೂಕಿನಲ್ಲಿ ಮಗಳು ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿರುವಾಗ ತಂದೆ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಮಗೆ ಅದು ಹೊಸ ದೃಶ್ಯವಾಗಿರಲಿಲ್ಲ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಫಲಕ ಎದ್ದದ್ದೂ ಆ ದಿನಗಳಲ್ಲೇ.

ಒಂದು ದಿನ ಮಾನವನ ಹೃದಯದ ರಚನೆಯ ಚಿತ್ರವನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಕಳುಹಿಸಿ, ಬರೆದು ಭಾಗಗಳನ್ನು ಗುರುತಿಸಿ ಎಂದಿದ್ದೆ. ವಾರದ ಬಳಿಕ ಒಬ್ಬ ವಿದ್ಯಾರ್ಥಿನಿ ತನ್ನ ನೋಟ್‌ಬುಕ್ಕನ್ನು ಊರಿನ ಹಾಲಿನ ಗಾಡಿಯಲ್ಲಿ ನನಗೆ ತಲುಪಿಸಿದಳು. ಅದರಲ್ಲಿ ಹೃದಯದ ಮೇಲಿನ ಕೋಣೆಗಳಾದ ಎರಡು ಹೃತ್ಕರ್ಣಗಳನ್ನು ಬಹಳ ಅಚ್ಚುಕಟ್ಟಾಗಿ ಬರೆದು, ಬಣ್ಣದ ಪೆನ್ಸಿಲ್‌ನಿಂದ ನೀಲಿ ಕೆಂಪು ತುಂಬಿದ್ದಳು. ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿರಲಿಲ್ಲ. ಚಿತ್ರ ನಡುವಿನಲ್ಲೇ ಕತ್ತರಿಸಿದ ಹಾಗೆ ನಿಂತಿತ್ತು. ಫೋನ್ ಮಾಡಿ ಕೇಳಿದಾಗ, 'ಟೀಚರ್, ಅಷ್ಟೇ ಡೌನ್‌ಲೋಡ್ ಆಗಿದ್ದು, ಉಳಿದಿದ್ದು ಬರ್ತದೆ ಅಂತ ಎರಡು ದಿನ ಕಾದೆ' ಎಂದಳು. ಪಠ್ಯಪುಸ್ತಕ ಅವಳ ಕೈಗೆ ಆಗ ಇನ್ನೂ ತಲುಪಿರಲಿಲ್ಲ. ಆ ನೋಟ್‌ಬುಕ್ಕಿನ ಹಾಳೆ ಇಂದಿಗೂ ನನ್ನ ಬಳಿ ಇದೆ. ಆ ಹುಡುಗಿಯ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಆ ಕಾಲದಲ್ಲಿ ಸರ್ಕಾರ ಮಾಡಿದ ಒಳ್ಳೆಯ ಕೆಲಸವನ್ನು ಮರೆತರೆ ತಪ್ಪಾಗುತ್ತದೆ. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮದಲ್ಲಿ ನಾವು ಶಿಕ್ಷಕರೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಅಡಿಕೆ ಚಪ್ಪರದ ಅಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡೆವು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ವಿದ್ಯಾಗಮಕ್ಕೆ ಮೊದಲು, ಯಾರ ಮನೆಯಲ್ಲಿ ಇಂಟರ್ನೆಟ್ ಇರುವ ಫೋನಿದೆ, ಯಾರಲ್ಲಿ ಬರೀ ಮಾತಾಡುವ ಫೋನಿದೆ, ಯಾರಲ್ಲಿ ಏನೂ ಇಲ್ಲ ಎಂದು ಮಕ್ಕಳನ್ನು ಮೂರು ಗುಂಪು ಮಾಡಿ ಪಟ್ಟಿ ಬರೆಯಲು ನಮಗೆ ಹೇಳಲಾಗಿತ್ತು. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಹೆಸರುಗಳು ಎರಡನೆಯ ಮತ್ತು ಮೂರನೆಯ ಗುಂಪಿನಲ್ಲಿದ್ದವು. ಎಲ್ಲ ಮಕ್ಕಳ ಕೈಗೂ ಪಾಠ ತಲುಪುವುದಿಲ್ಲ ಎಂದು ಇಲಾಖೆ ಅಂದು ತಾನೇ ಒಪ್ಪಿ, ಎಣಿಸಿ, ಅದಕ್ಕೆ ತಕ್ಕಂತೆ ಶಿಕ್ಷಕರನ್ನು ಕಳುಹಿಸಿತ್ತು. ಶಾಲೆ ತೆರೆದ ಮೇಲೆ ಆ ಎಣಿಕೆಯ ಮಾತನ್ನು ನನ್ನ ಬಳಿ ಯಾರೂ ಎತ್ತಲಿಲ್ಲ.

ಆದರೆ ಆನ್‌ಲೈನ್ ಕಲಿಕೆ ಕೊರೊನಾ ಜೊತೆಗೆ ಬಂದು ಕೊರೊನಾ ಜೊತೆಗೆ ಹೋಗಲಿಲ್ಲ. ಪಠ್ಯಪುಸ್ತಕದ ಪಾಠದ ಮೊದಲ ಪುಟದಲ್ಲಿ ಸರ್ಕಾರದ ಆನ್‌ಲೈನ್ ಪಾಠಗಳ ದೀಕ್ಷಾ ವೇದಿಕೆಯ ಕ್ಯೂಆರ್ ಕೋಡ್ ಇದೆ. ಅಭ್ಯಾಸದ ಪ್ರಶ್ನೆಪತ್ರಿಕೆ ವಾಟ್ಸಾಪ್ ಗುಂಪಿಗೆ ಬರುತ್ತದೆ. ವಿದ್ಯಾರ್ಥಿವೇತನದ ಅರ್ಜಿ, ಪದವಿ ಪ್ರವೇಶದ ನೋಂದಣಿ, ವೃತ್ತಿಶಿಕ್ಷಣದ ಸೀಟು ಆರಿಸಿಕೊಳ್ಳುವ ಕ್ರಮ ಎಲ್ಲವೂ ಪೋರ್ಟಲ್‌ಗಳಲ್ಲಿವೆ. ಪದವಿಗೆ ಹೋದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ 'ಸ್ವಯಂ' ಎಂಬ ವೇದಿಕೆಯ ಆನ್‌ಲೈನ್ ಕೋರ್ಸ್‌ಗಳ ಮೂಲಕವೇ ಮುಗಿಸಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ಬಂದವು, ನಾನೂ ನನ್ನ ಪಾಠಗಳಿಗೆ ಬಳಸಿದ್ದೇನೆ. ಐಐಟಿಯ ಪ್ರಾಧ್ಯಾಪಕರ ಉಪನ್ಯಾಸವನ್ನು ಹಿನ್ನೀರಿನ ಹಳ್ಳಿಯ ಹುಡುಗ ಕೇಳಬಹುದು ಎಂಬುದು ನಾನು ಕೆಲಸಕ್ಕೆ ಸೇರಿದಾಗ ಊಹಿಸಲೂ ಆಗದ ಮಾತು. ನನ್ನ ಆಕ್ಷೇಪ ಇರುವುದು ಬೇರೆ ಕಡೆ: ಈ ಎಲ್ಲ ವ್ಯವಸ್ಥೆಯ ಕೊನೆಯ ಕೊಂಡಿಯಾಗಿ ಸರ್ಕಾರ ನೆಚ್ಚಿಕೊಂಡಿರುವುದು ಕೂಲಿ ಮಾಡುವ ತಂದೆಯ ಜೇಬಿನಲ್ಲಿರುವ, ಅವನೇ ಸಾಲ ಮಾಡಿ ಕೊಂಡು, ಅವನೇ ತಿಂಗಳು ತಿಂಗಳು ರೀಚಾರ್ಜ್ ಮಾಡಿಸಬೇಕಾದ ಫೋನನ್ನು. ಶಾಲೆಗೆ ಕಪ್ಪುಹಲಗೆ ಪೋಷಕರು ತರಲಿ ಎಂದು ನಾವು ಎಂದೂ ಹೇಳಿದ್ದಿಲ್ಲ. ಕಪ್ಪುಹಲಗೆಯ ಕೆಲಸವನ್ನು ಫೋನಿಗೆ ವಹಿಸಿದ ಮೇಲೆ ಮಾತ್ರ ಅದನ್ನು ಪೋಷಕರೇ ತರಲಿ ಎಂದಂತಾಗಿದೆ.

ಆ ಫೋನು ಮಗುವಿನ ಕೈಗೆ ಸಿಗುತ್ತದೆಯೇ? ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ 2021ರಲ್ಲಿ ಗ್ರಾಮೀಣ ಭಾರತದ ಮಕ್ಕಳ ಮನೆಗಳಲ್ಲಿ ಶೇ 67.6ರಷ್ಟು ಕಡೆ ಸ್ಮಾರ್ಟ್‌ಫೋನ್ ಇರುವುದನ್ನು ದಾಖಲಿಸಿತು. ಆದರೆ ಫೋನಿರುವ ಮನೆಗಳ ಮಕ್ಕಳಲ್ಲೇ ಕಾಲು ಭಾಗದಷ್ಟು ಮಂದಿಗೆ ಅದು ಓದಿಗೆ ಸಿಗುತ್ತಿರಲಿಲ್ಲ ಎಂಬುದೂ ಅದೇ ವರದಿಯಲ್ಲಿತ್ತು. 2024ರ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ 14ರಿಂದ 16 ವಯಸ್ಸಿನವರ ಪೈಕಿ ಸ್ವಂತ ಫೋನಿದ್ದ ಹುಡುಗರು ಶೇ 36.2, ಹುಡುಗಿಯರು ಶೇ 26.9. ಈ ಅಂಕಿಗಳ ಹಿಂದಿನ ಮನೆಗಳು ನನಗೆ ಗೊತ್ತು. ಬೆಳಿಗ್ಗೆ ಫೋನು ಅಪ್ಪನ ಜೊತೆ ತೋಟಕ್ಕೋ ಗಾರೆ ಕೆಲಸಕ್ಕೋ ಹೋಗುತ್ತದೆ. ಸಂಜೆ ಬಂದ ಮೇಲೆ ಅಣ್ಣನ ಕೈಗೆ ಹೋಗುತ್ತದೆ. ಹುಡುಗಿಯ ಸರದಿ ಬರುವುದು ಪಾತ್ರೆ ತೊಳೆದು, ಕೊಟ್ಟಿಗೆ ಕೆಲಸ ಮುಗಿಸಿದ ಮೇಲೆ, ದಿನದ ಡೇಟಾ ಮುಗಿದ ಮೇಲೆ. ಹುಡುಗಿ ರಾತ್ರಿ ಫೋನ್ ಹಿಡಿದರೆ ಮನೆಯವರು ಅನುಮಾನದಿಂದ ನೋಡುವುದೂ ಇದೆ. ಅದನ್ನು ನಾನು ಎಷ್ಟೋ ತಾಯಂದಿರ ಬಾಯಲ್ಲೇ ಕೇಳಿದ್ದೇನೆ.

ಇದು ನಮ್ಮೊಂದು ತಾಲ್ಲೂಕಿನ ಸಂಕಟವಲ್ಲ ಎಂಬುದೂ ನನಗೆ ತಿಳಿದಿದೆ. ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2020ರ ಕೊನೆಯಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನ 3ರಿಂದ 17 ವರ್ಷದ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ, ಅಂದರೆ 130 ಕೋಟಿ ಮಕ್ಕಳಿಗೆ, ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಆದರೆ ಎಲ್ಲ ದೇಶಗಳೂ ಮನೆಯನ್ನೇ ನೆಚ್ಚಿ ಕೂರಲಿಲ್ಲ. ದಕ್ಷಿಣ ಅಮೆರಿಕದ ಉರುಗ್ವೆ ಎಂಬ ಪುಟ್ಟ ದೇಶ 2007ರಲ್ಲಿ ಆರಂಭಿಸಿದ ಸೇಬಾಲ್ ಯೋಜನೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಒಂದು ಪುಟ್ಟ ಲ್ಯಾಪ್‌ಟಾಪ್ ಕೊಟ್ಟಿತು, ಶಾಲೆಗಳಿಗೆ ಇಂಟರ್ನೆಟ್ ತಂದಿತು. ಪಕ್ಕದ ಕೇರಳದಲ್ಲಿ, ಹಾಸ್ಟೆಲಿನಲ್ಲಿ ಮೊಬೈಲ್ ಬಳಸಿದ್ದಕ್ಕೆ ಹೊರಹಾಕಲ್ಪಟ್ಟ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ 2019ರ ಸೆಪ್ಟೆಂಬರ್‌ನಲ್ಲೇ, ಇಂಟರ್ನೆಟ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ತೀರ್ಪಿತ್ತಿತು. ಹಕ್ಕು ಎಂದಾದ ಮೇಲೆ ಅದನ್ನು ತಲುಪಿಸುವ ಹೊಣೆ ಯಾರದು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ರಾಜ್ಯಕ್ಕೆ ಆ ಹೊಣೆ ಹೊರುವ ಜಾಗ ಹುಡುಕುವ ಕಷ್ಟವೂ ಇಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಇಂದು 'ಅರಿವು ಕೇಂದ್ರ'ಗಳಾಗಿವೆ. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಅಭಿಯಾನ ಬಂದಾಗ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡದ್ದನ್ನು ನಾನು ಸ್ವತಃ ನೋಡಿದ್ದೇನೆ. ನನ್ನ ವಿದ್ಯಾರ್ಥಿಗಳು ಮೊದಲ ಸಲ ತಮ್ಮ ಹೆಸರಿನ ಗ್ರಂಥಾಲಯ ಕಾರ್ಡ್ ತೋರಿಸಿದಾಗ ಅವರ ಮುಖ ನೋಡಬೇಕಿತ್ತು. ಹಲವು ಕೇಂದ್ರಗಳಿಗೆ ಕಂಪ್ಯೂಟರ್ ಬಂದಿವೆ. ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು, ಅದೇ ಈಗಿನ ಭಾರತ್‌ನೆಟ್. ಅದನ್ನು ಸುಧಾರಿಸಲು 2023ರ ಆಗಸ್ಟ್‌ನಲ್ಲಿ ಸುಮಾರು ₹1.39 ಲಕ್ಷ ಕೋಟಿಗೆ ಮಂಜೂರಾತಿಯೂ ಸಿಕ್ಕಿದೆ. ಕಟ್ಟಡ, ಮೇಜು, ಕಂಪ್ಯೂಟರ್, ತಂತಿ ಎಲ್ಲವೂ ಕಾಗದದ ಮೇಲೆ ಒಂದೇ ಊರಿನಲ್ಲಿ ಕೂಡಿವೆ.

ಕಳೆದ ಮಳೆಗಾಲದಲ್ಲಿ ನಮ್ಮ ಸುತ್ತಿನ ಒಂದು ಅರಿವು ಕೇಂದ್ರದಲ್ಲಿ ನಾನು ಕಂಡದ್ದು ಹೀಗಿದೆ. ಎರಡು ಕಂಪ್ಯೂಟರ್‌ಗಳ ಮೇಲೆ ಧೂಳು ಬೀಳದಂತೆ ಹಳೆಯ ಸೀರೆಯ ತುಂಡು ಹೊದಿಸಿತ್ತು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯಬೇಕಾದಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಹಾಗಂದರೆ ಫೈಬರ್ ಎಲ್ಲೋ ತುಂಡಾಗಿದೆ ಎಂದರ್ಥ ಎಂದು ಅಲ್ಲಿನ ಮೇಲ್ವಿಚಾರಕಿ ನನಗೆ ವಿವರಿಸಿದರು. ರಸ್ತೆ ಅಗಲ ಮಾಡುವಾಗ ಜೆಸಿಬಿ ತಾಗಿ ತುಂಡಾಗಿ ಏಳು ತಿಂಗಳಾಗಿತ್ತು. ಅವರು ದೂರು ಕೊಟ್ಟ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆದಿಟ್ಟಿದ್ದರು, ಪುಟವೊಂದು ಪೂರ್ತಿ ತುಂಬಿತ್ತು. ಗೌರವಧನದ ಮೇಲೆ ದುಡಿಯುವ ಆ ಹೆಣ್ಣುಮಗಳು, ಮಕ್ಕಳು ಪರೀಕ್ಷೆಯ ಫಲಿತಾಂಶ ನೋಡಲು ಬಂದಾಗ ತಮ್ಮ ಸ್ವಂತ ಮೊಬೈಲಿನ ಹಾಟ್‌ಸ್ಪಾಟ್ ಕೊಡುತ್ತಾರೆ. ಯುಪಿಎಸ್‌ನ ಬ್ಯಾಟರಿ ಸತ್ತಿರುವುದರಿಂದ ಕರೆಂಟ್ ಹೋದರೆ ಅದೂ ಉಪಯೋಗಕ್ಕೆ ಬರುವುದಿಲ್ಲ. ಅವರ ಕೆಲಸದಲ್ಲಿ ನಾನು ಒಂದು ಕುಂದನ್ನೂ ಕಾಣಲಿಲ್ಲ. ಆ ಕೆಂಪು ದೀಪವನ್ನು ಹಸಿರು ಮಾಡುವ ಅಧಿಕಾರ ಮಾತ್ರ ಅವರ ಕೈಯಲ್ಲಿಲ್ಲ, ಅವರ ಮೇಲಿನವರಲ್ಲಿ ಯಾರ ಕೈಯಲ್ಲಿದೆ ಎಂಬುದನ್ನು ಅವರಿಗಾಗಲಿ ನನಗಾಗಲಿ ಈವರೆಗೆ ಯಾರೂ ಹೇಳಿಲ್ಲ.

ಮೊಬೈಲ್ ಟವರ್‌ಗಳ ಸ್ಥಿತಿಯೂ ಹಾಗೆಯೇ. ಮಲೆನಾಡಿನಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನ್ ತುಂಡಾದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಟವರ್‌ನ ಬ್ಯಾಟರಿ ಕೆಲವು ಗಂಟೆಗಳಲ್ಲೇ ಮುಗಿಯುತ್ತದೆ, ಜನರೇಟರ್‌ಗೆ ಡೀಸೆಲ್ ಹಾಕುವವರು ಬರುವುದಿಲ್ಲ. ಅಲ್ಲಿಗೆ ಊರಿಗೆ ಊರೇ ಮೌನವಾಗುತ್ತದೆ. ಹೃದಯದ ಅರ್ಧ ಚಿತ್ರ ಬರೆದ ಹುಡುಗಿ ಮುಂದೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಒಳ್ಳೆಯ ಅಂಕ ಪಡೆದಳು. ಕೃಷಿ ಪದವಿಗೆ ಸೇರಬೇಕೆಂಬುದು ಅವಳ ಆಸೆ. ಸೀಟು ಆಯ್ಕೆ ನಮೂದಿಸಬೇಕಾದ ಕೊನೆಯ ದಿನಗಳಲ್ಲಿ ಊರಿನಲ್ಲಿ ಕರೆಂಟೂ ಇರಲಿಲ್ಲ, ನೆಟ್‌ವರ್ಕ್ ಕೂಡ ಇರಲಿಲ್ಲ. ತಂದೆ ಮಗಳು ಲಾಂಚ್‌ನಲ್ಲಿ ಹಿನ್ನೀರು ದಾಟಿ ಸಾಗರದ ಸೈಬರ್ ಸೆಂಟರ್ ತಲುಪುವ ಹೊತ್ತಿಗೆ ಅವಧಿ ಮುಗಿದಿತ್ತು. ನಂತರದ ಸುತ್ತಿನಲ್ಲಿ ಅವಳಿಗೆ ಬೇಕಾದದ್ದು ಉಳಿದಿರಲಿಲ್ಲ. ಈಗ ಬಿ.ಎಸ್ಸಿ ಓದುತ್ತಿದ್ದಾಳೆ, ಓದುವ ಹುಡುಗಿ, ಎಲ್ಲಿದ್ದರೂ ಓದುತ್ತಾಳೆ. ಆದರೂ ಅವಳ ಆಯ್ಕೆಯನ್ನು ನಿರ್ಧರಿಸಿದ್ದು ಅವಳ ಅಂಕವೂ ಅಲ್ಲ, ಶ್ರಮವೂ ಅಲ್ಲ. ನಾಡಿಗೆ ಕರೆಂಟ್ ಕೊಡಲೆಂದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ಮನೆ ಗದ್ದೆ ಬಿಟ್ಟು ಗುಡ್ಡ ಹತ್ತಿದವರ ಮೊಮ್ಮಗಳು ಅವಳು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಾಗಿ ಲಾಂಚ್ ಕಾಯುವ ಕಷ್ಟ ತಪ್ಪಿದೆ, ಅದಕ್ಕೆ ನಾವು ಕೃತಜ್ಞರು. ಸೇತುವೆಗಾಗಿ ಕಾದಷ್ಟು ವರ್ಷ ಇದಕ್ಕೂ ಕಾಯುವಂತಾಗಬಾರದು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿಗಳು.

ಎಲ್ಲಕ್ಕಿಂತ ಮುಖ್ಯವಾಗಿ, ಅರಿವು ಕೇಂದ್ರದ ಇಂಟರ್ನೆಟ್ ಕೆಟ್ಟರೆ ಇಷ್ಟು ದಿನದೊಳಗೆ ಸರಿಪಡಿಸಬೇಕು ಎಂಬ ಗಡುವು ಬೇಕು, ಮತ್ತು ಅದಕ್ಕೆ ತಾಲ್ಲೂಕು ಮಟ್ಟದಲ್ಲಿ ಒಬ್ಬ ಅಧಿಕಾರಿ ಹೆಸರು ಹೇಳಿ ಹೊಣೆಯಾಗಬೇಕು. ರಸ್ತೆ, ಕುಡಿಯುವ ನೀರು, ಚರಂಡಿಗೆ ಅಗೆಯುವ ಗುತ್ತಿಗೆದಾರರು ಫೈಬರ್ ತುಂಡು ಮಾಡಿದರೆ ಜೋಡಿಸಿಕೊಟ್ಟ ಮೇಲೆಯೇ ಬಿಲ್ ಪಾಸಾಗಲಿ. ಇದು ಪಂಚಾಯತ್ ರಾಜ್ ಇಲಾಖೆ ತನ್ನ ಕಾಮಗಾರಿಗಳ ಮಟ್ಟಿಗೆ ನಾಳೆಯೇ ಮಾಡಬಹುದಾದ ಕೆಲಸ. ಯುಪಿಎಸ್‌ಗೆ ಬ್ಯಾಟರಿ, ಸಾಧ್ಯವಿರುವಲ್ಲಿ ಸೌರಫಲಕ, ಇವು ಮಲೆನಾಡಿಗೆ ಮತ್ತು ಕರಾವಳಿಗೆ ಮಳೆಗಾಲದ ಮೊದಲೇ ಬೇಕು.

ಕೇಂದ್ರ ತೆರೆಯುವ ಹೊತ್ತನ್ನು ಮಕ್ಕಳ ಹೊತ್ತಿಗೆ ಹೊಂದಿಸಬೇಕು. ಮಕ್ಕಳು ಶಾಲೆಯಲ್ಲಿರುವಾಗ ತೆರೆದು, ಮಕ್ಕಳು ಬಿಡುವಾಗಿರುವಾಗ ಮುಚ್ಚುವ ಗ್ರಂಥಾಲಯದಿಂದ ಅವರಿಗೆ ಪ್ರಯೋಜನವಿಲ್ಲ. ಪಟ್ಟಣದಲ್ಲಿ ಸಂಜೆ ಎಂಟರವರೆಗೆ ತೆರೆದಿಡಿ ಎನ್ನಬಹುದು. ನಮ್ಮ ಕಡೆ ಕಾಡುದಾರಿಯಲ್ಲಿ ಮೂರು ಕಿಲೋಮೀಟರ್ ನಡೆದು ಮನೆ ಸೇರುವ ಹುಡುಗಿಯರಿಗೆ ಅದು ಆಗದ ಮಾತು. ಬೆಳಗಿನ ಬಸ್ಸು ಎಂಟೂಕಾಲಿಗೇ ಮಕ್ಕಳನ್ನು ಇಳಿಸಿಹೋಗುತ್ತದೆ, ಶಾಲೆಯ ಗಂಟೆ ಬಾರಿಸುವವರೆಗೆ ಅವರು ಕಟ್ಟೆಯ ಮೇಲೆ ಕೂತಿರುತ್ತಾರೆ. ಆ ಒಂದು ಗಂಟೆ ಮತ್ತು ಭಾನುವಾರದ ಬೆಳಿಗ್ಗೆ ಕೇಂದ್ರ ತೆರೆದಿರಲಿ, ಹೆಚ್ಚಿನ ಹೊತ್ತಿಗೆ ಮೇಲ್ವಿಚಾರಕರ ಗೌರವಧನವೂ ಹೆಚ್ಚಲಿ. ಅವರ ಸ್ವಂತ ಹಾಟ್‌ಸ್ಪಾಟ್‌ನ ಮೇಲೆ ಇಲಾಖೆ ನಡೆಯುವುದು ನ್ಯಾಯವಲ್ಲ.

ಶಾಲಾ ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ, ಇಂಟರ್ನೆಟ್ ಇಲ್ಲದ ದಿನವೂ ನಡೆಯುವ ವ್ಯವಸ್ಥೆಯನ್ನು ಪ್ರತಿ ಪ್ರೌಢಶಾಲೆಗೆ ಕೊಡಿ ಎಂಬುದು. ದೀಕ್ಷಾದ ಪಾಠಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು. ಕೋಲಿಬ್ರಿಯಂಥ ಉಚಿತ ತಂತ್ರಾಂಶವನ್ನು ಒಂದು ಸಣ್ಣ ಕಂಪ್ಯೂಟರ್‌ಗೆ ಹಾಕಿದರೆ, ಹೊರಗಿನ ಇಂಟರ್ನೆಟ್ ಇಲ್ಲದೆಯೇ ಶಾಲೆಯ ಒಳಗಿನ ವೈಫೈನಲ್ಲಿ ಮಕ್ಕಳು ಪಾಠ ನೋಡಬಹುದು. ನೆಟ್‌ವರ್ಕ್ ಇಲ್ಲದ ಪ್ರದೇಶಗಳಿಗೆಂದೇ ಅದನ್ನು ರೂಪಿಸಲಾಗಿದೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಒಮ್ಮೆ ಹಾರ್ಡ್‌ಡಿಸ್ಕ್ ತುಂಬಿಸಿಕೊಟ್ಟರೆ ತಾಲ್ಲೂಕಿನ ಎಲ್ಲ ಶಾಲೆಗೂ ಹಂಚಬಹುದು. ದೂರದಿಂದ ಪಾಠ ತಲುಪಿಸುವುದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ಆಕಾಶವಾಣಿಯ 'ಚುಕ್ಕಿ ಚಿನ್ನ', 'ಕೇಳಿ ಕಲಿ' ಪಾಠಗಳನ್ನು ಕೇಳಿ ಬೆಳೆದ ತಲೆಮಾರು ಇದೆ. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಅದರ ಪಾಠಗಳು ಪ್ರಾಯೋಗಿಕವಾಗಿ ಬಂದದ್ದು ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ. ಇಂಥ ಯೋಜನೆಗಳು ಉದ್ಘಾಟನೆಯ ದಿನ ಚೆನ್ನಾಗಿರುತ್ತವೆ, ಮೊದಲ ಬ್ಯಾಟರಿ ಸಾಯುವ ದಿನ ನಿಲ್ಲುತ್ತವೆ. ದುರಸ್ತಿಗೆಂದು ಪ್ರತ್ಯೇಕ ಹಣ ಇಡದೆ ಹೊಸ ಸಾಧನ ಕೊಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಆನ್‌ಲೈನ್‌ನಲ್ಲಿ ಕೊಟ್ಟ ಯಾವ ಮನೆಗೆಲಸವೂ, ಚಟುವಟಿಕೆಯೂ ಫೋನಿಲ್ಲದ ಮಗುವಿನ ಅಂಕ ಕಡಿಮೆ ಮಾಡಬಾರದು. ಅದರ ಮುದ್ರಿತ ಪ್ರತಿ ಶಾಲೆಯಲ್ಲಿ ಸಿಗಬೇಕು. ಅರ್ಜಿ ಮತ್ತು ಸೀಟು ಆಯ್ಕೆಯ ಕೊನೆಯ ದಿನಾಂಕದ ಹೊತ್ತಿಗೆ ಯಾವುದಾದರೂ ತಾಲ್ಲೂಕಿನಲ್ಲಿ ವಿದ್ಯುತ್ ಅಥವಾ ನೆಟ್‌ವರ್ಕ್ ಕಡಿದುಹೋಗಿದ್ದರೆ, ತಹಶೀಲ್ದಾರರ ವರದಿಯ ಮೇಲೆ ಆ ತಾಲ್ಲೂಕಿನ ಮಕ್ಕಳಿಗೆ ಅವಧಿ ವಿಸ್ತರಿಸುವ ನಿಯಮವನ್ನು ಉನ್ನತ ಶಿಕ್ಷಣ ಇಲಾಖೆಯೊಂದಿಗೆ ಮಾತಾಡಿ ತರಬೇಕು. ಮಳೆ ಜೋರಾದರೆ ಶಾಲೆಗೆ ರಜೆ ಕೊಡುವ ಅಧಿಕಾರ ಜಿಲ್ಲಾಡಳಿತಕ್ಕಿದೆ. ಇದೂ ಅದೇ ತಿಳಿವಳಿಕೆಯ ಮುಂದುವರಿಕೆ.

ಕನ್ನಡದ ಬಗ್ಗೆಯೂ ಒಂದು ಮಾತು. ತಂತಿ ಬಂದು, ಕಂಪ್ಯೂಟರ್ ತೆರೆದ ಮೇಲೆ ಕನ್ನಡ ಮಾಧ್ಯಮದ ಹುಡುಗನಿಗೆ ಎದುರಾಗುವುದು ಹೆಚ್ಚಾಗಿ ಇಂಗ್ಲಿಷ್ ಪಾಠ. ಪಠ್ಯಕ್ರಮಕ್ಕೆ ಹೊಂದುವ ಕನ್ನಡ ವಿಡಿಯೊ ಪಾಠಗಳನ್ನು 'ಸಂವೇದ'ದ ಕಾಲದಲ್ಲಿ ನಮ್ಮ ಶಿಕ್ಷಕರೇ ಮಾಡಿ ತೋರಿಸಿದ್ದಾರೆ. ಅವನ್ನು ಪರಿಷ್ಕರಿಸಿ, ಬದಲಾದ ಪಠ್ಯಕ್ಕೆ ತಕ್ಕಂತೆ ಹೊಸದಾಗಿ ಸೇರಿಸುತ್ತಾ ಹೋಗುವುದು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಗೆ (ಡಿಎಸ್‌ಇಆರ್‌ಟಿ) ಕಷ್ಟದ ಕೆಲಸವಾಗಲಾರದು.

ಮೊಬೈಲ್‌ನಿಂದ ಮಕ್ಕಳು ಹಾಳಾಗುತ್ತಿದ್ದಾರೆ, ನೀವು ಇನ್ನಷ್ಟು ಕೇಳುತ್ತಿದ್ದೀರಿ ಎಂದು ಕೆಲವು ಹಿರಿಯರು ನನಗೆ ಹೇಳಿದ್ದುಂಟು. ಅವರ ಆತಂಕ ಸುಳ್ಳಲ್ಲ. 2024ರ ಅಸರ್ ಸಮೀಕ್ಷೆಯಲ್ಲಿ ಫೋನನ್ನು ಓದಿಗೆ ಬಳಸಿದೆವೆಂದ ಮಕ್ಕಳು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದೆವೆಂದವರು ಶೇ 76. ಕಲಿಕೆ ಮನೆಯ ಮೂಲೆಯ ಒಂಟಿ ಫೋನಿನಿಂದ ಹೊರಬಂದು, ಹತ್ತು ಜನ ಕೂತ ಗ್ರಂಥಾಲಯದ ಮೇಜಿಗೆ, ತಿಳಿದವರೊಬ್ಬರ ಕಣ್ಣೆದುರಿಗೆ ಬರಬೇಕು ಎಂದು ನಾನು ಕೇಳುತ್ತಿರುವುದು ಈ ಕಾರಣಕ್ಕೂ ಹೌದು.

ಕೊನೆಯದಾಗಿ, ವಿದ್ಯಾಗಮದ ದಿನಗಳಲ್ಲಿ ನಾವು ಬರೆದ ಆ ಮೂರು ಗುಂಪಿನ ಪಟ್ಟಿಯನ್ನು ಮುಂದಿನ ಜೂನ್‌ನಲ್ಲಿ ಶಾಲೆ ತೆರೆದಾಗ ಮತ್ತೆ ಬರೆಸಬೇಕೆಂದು ಕೋರುತ್ತೇನೆ. ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇರಲಿ: ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳಲ್ಲಿ ಎಷ್ಟರ ಅರಿವು ಕೇಂದ್ರದಲ್ಲಿ ಆ ದಿನ ಹಸಿರು ದೀಪ ಉರಿಯುತ್ತಿತ್ತು, ಎಷ್ಟರಲ್ಲಿ ಕೆಂಪು, ಕೆಂಪಾಗಿ ಎಷ್ಟು ದಿನವಾಯಿತು. ಎರಡನ್ನೂ ತಾಲ್ಲೂಕುವಾರು ಪ್ರಕಟಿಸಿ, ಪಂಚಾಯಿತಿಯ ಸೂಚನಾ ಫಲಕದ ಮೇಲೂ ಅಂಟಿಸಿ. ನಮ್ಮ ಮೇಲ್ವಿಚಾರಕಿ ತಾವು ಕೊಟ್ಟ ದೂರುಗಳ ಪುಟವನ್ನು ಆ ಪಟ್ಟಿಗೆ ಒದಗಿಸಲು ಸಿದ್ಧರಿದ್ದಾರೆ. ಅದರ ಜೆರಾಕ್ಸ್ ಪ್ರತಿಯನ್ನು ಈ ಪತ್ರದ ಜೊತೆ ತಮ್ಮಿಬ್ಬರ ಕಚೇರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ,
ಶರಾವತಿ ಹಿನ್ನೀರು ಪ್ರದೇಶ, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.